ಹೊಸ ಪಂಪಿಗೆ ಕೆಲವು ವಾರ ಕೊಡು ಮಗಳೇ

ಹೊಸ ಪಂಪು ಶುರುಮಾಡಿ ವಾರವಾಯಿತು, ಗುಣವೇನೂ ಕಾಣುತ್ತಿಲ್ಲ, ನಿಲ್ಲಿಸಿಬಿಡಲಾ ದೊಡ್ಡಮ್ಮಾ ಎಂದು ಕೇಳಿದ್ದೀಯ. ನಿಲ್ಲಿಸಬೇಡ ಮಗಳೇ. ನಾನು ಹೇಳಬೇಕಾದ ಮುಖ್ಯ ಮಾತು ಇದೇ. ಯಾಕೆ ನಿಲ್ಲಿಸಬಾರದು, ಅದಕ್ಕೆ ಒಗ್ಗಿಕೊಳ್ಳುವುದು ಹೇಗೆ ಎಂಬುದನ್ನು ಸಾವಕಾಶವಾಗಿ ಹೇಳುತ್ತೇನೆ, ಕೂತು ಓದು. ನಾನು ಡಾಕ್ಟರಲ್ಲ. ಡೋಸು ಏರಿಸುವುದು, ಇಳಿಸುವುದು ನಿನ್ನ ಡಾಕ್ಟರ ಕೆಲಸ. ಆದರೆ ಉಬ್ಬಸ ನನ್ನ ಜೊತೆ ಹೈಸ್ಕೂಲಿನಿಂದಲೂ ಇದೆ. ಪಂಪು ಬದಲಾದಾಗ ಹುಟ್ಟುವ ದಿಗಿಲು, ಆ ಮೊದಲ ವಾರಗಳ ಚಡಪಡಿಕೆ ಎರಡೂ ನನಗೆ ಗೊತ್ತು.

ನಿನ್ನ ಚೀಲದಲ್ಲಿ ಈಗ ಎರಡು ಪಂಪುಗಳಿವೆ. ನೀಲಿ ಬಣ್ಣದ್ದು ಸಾಲ್ಬುಟಮಾಲ್. ಶ್ವಾಸನಾಳದ ಸುತ್ತ ಬಿಗಿದುಕೊಂಡ ಸ್ನಾಯುವನ್ನು ಅದು ಕೆಲವೇ ನಿಮಿಷದಲ್ಲಿ ಸಡಿಲಿಸುತ್ತದೆ, ನಾಲ್ಕೈದು ಗಂಟೆ ಕಳೆದರೆ ಅದರ ಪ್ರಭಾವ ಮುಗಿಯಿತು. ಹೊಸದು ತಡೆಗಟ್ಟುವ ಪಂಪು. ಅದರಲ್ಲಿರುವ ಬುಡೆಸೊನೈಡ್ ಶ್ವಾಸನಾಳದ ಒಳಗೋಡೆಯ ಊತವನ್ನು ಇಳಿಸುವ ಔಷಧ. ಮಳೆಗಾಲದಲ್ಲಿ ನಮ್ಮನೆಯ ಹಿತ್ತಿಲ ಬಾಗಿಲು ತೇವ ಕುಡಿದು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುವುದನ್ನು ನೀನು ನೋಡಿದ್ದೀಯ. ಭುಜ ಕೊಟ್ಟು ನೂಕಿದರೆ ಆ ಹೊತ್ತಿಗೆ ತೆರೆದುಕೊಳ್ಳುತ್ತದೆ, ಮುಚ್ಚಿದರೆ ಮತ್ತೆ ಸಿಕ್ಕಿಕೊಳ್ಳುತ್ತದೆ. ಮರದೊಳಗಿನ ತೇವ ಆರಿದ ಮೇಲೆಯೇ ಅದು ಸರಾಗವಾಗಿ ಆಡುವುದು. ನೀಲಿ ಪಂಪು ಭುಜ ಕೊಟ್ಟು ನೂಕುವ ಕೆಲಸ ಮಾಡುತ್ತದೆ. ತೇವ ಆರಿಸುವುದು ಹೊಸ ಪಂಪಿನ ಕೆಲಸ, ಅದಕ್ಕೆ ಸಮಯ ಬೇಕು.

ಎಷ್ಟು ಸಮಯ? ಹೆಚ್ಚಿನವರಿಗೆ ಒಂದೆರಡು ವಾರದಲ್ಲಿ ರಾತ್ರಿಯ ಕೆಮ್ಮು ಕಡಿಮೆಯಾಗತೊಡಗುತ್ತದೆ. ಪೂರ್ತಿ ಗುಣ ಕಾಣಲು ಎರಡು ಮೂರು ತಿಂಗಳೂ ಹಿಡಿಯಬಹುದು. ನಿನಗೆ ಕೊಟ್ಟಿರುವುದರಲ್ಲಿ ಬುಡೆಸೊನೈಡ್ ಜೊತೆಗೆ ಫಾರ್ಮೊಟೆರಾಲ್ ಕೂಡ ಇದೆ. ಅದು ಸ್ನಾಯು ಸಡಿಲಿಸುವ ಔಷಧ, ನಿಮಿಷಗಳಲ್ಲೇ ಕೆಲಸ ಶುರುಮಾಡಿ ಹತ್ತಿರ ಹತ್ತಿರ 12 ಗಂಟೆ ಉಳಿಯುತ್ತದೆ. ಇದರಿಂದ ಒಂದು ಅಪಾಯವೂ ಉಂಟು. ಕೆಲವರಿಗೆ ಮೂರನೇ ದಿನಕ್ಕೇ ಎದೆ ಹಗುರಾಗುತ್ತದೆ, ವಾಸಿಯಾಯಿತೆಂದು ಪಂಪನ್ನು ಮೂಲೆಗಿಡುತ್ತಾರೆ. ಒಳಗಿನ ಊತ ಹಾಗೇ ಇರುತ್ತದೆ, ಮುಂದಿನ ನೆಗಡಿಗೆ ಮತ್ತೆ ಎದೆ ಗೊರಗೊರ. ಗುಣ ಕಾಣದಿದ್ದರೂ ತೆಗೆದುಕೊಳ್ಳಬೇಕು, ಬೇಗ ಗುಣ ಕಂಡರೂ ತೆಗೆದುಕೊಳ್ಳಬೇಕು.

ಹಳೆಯ ನೀಲಿ ಪಂಪನ್ನೇ ಸ್ವಲ್ಪ ಜಾಸ್ತಿ ತೆಗೆದುಕೊಂಡಿದ್ದರೆ ಆಗುತ್ತಿರಲಿಲ್ಲವೇ ಎಂದೂ ಕೇಳಿದ್ದೀಯ. ದೀಪಾವಳಿಯಿಂದೀಚೆ ನೀನು ನೀಲಿ ಪಂಪನ್ನು ದಿನಕ್ಕೆ ಎಷ್ಟು ಸಲ ಒತ್ತುತ್ತಿದ್ದೆ, ನೆನಪಿಸಿಕೋ. 200 ಡೋಸಿನ ನೀಲಿ ಪಂಪು ವರ್ಷದಲ್ಲಿ 3 ಅಥವಾ ಅದಕ್ಕಿಂತ ಹೆಚ್ಚು ಖಾಲಿಯಾದರೆ ಉಬ್ಬಸ ಕೈಮೀರುವ ಸಂಭವ ಹೆಚ್ಚು ಎಂದು ವೈದ್ಯರು ಲೆಕ್ಕ ಹಾಕಿದ್ದಾರೆ. ಅಸ್ತಮಾ ಚಿಕಿತ್ಸೆಗೆ ಜಗತ್ತಿನಾದ್ಯಂತ ಡಾಕ್ಟರರು ನೋಡುವ 'ಗಿನಾ' ಮಾರ್ಗಸೂಚಿ 2019ರಲ್ಲಿ ದೊಡ್ಡ ಬದಲಾವಣೆ ಮಾಡಿತು. ದೊಡ್ಡವರಿಗೂ ಹದಿಹರೆಯದವರಿಗೂ ನೀಲಿ ಪಂಪೊಂದನ್ನೇ ಕೊಟ್ಟು ಕಳಿಸಬಾರದು, ಊತ ಇಳಿಸುವ ಔಷಧವೂ ಜೊತೆಗಿರಲೇಬೇಕು ಎಂದು ಹೇಳಿತು. ನಿನ್ನ ಡಾಕ್ಟರು ನಡೆದಿರುವುದು ಅದೇ ದಾರಿಯಲ್ಲಿ.

ಇಷ್ಟು ದಿನ ನೀನು ಎಳೆಯುತ್ತಿದ್ದ ಹಳೆಯ ಪುಡಿಯ ಔಷಧವನ್ನೂ ಮುಂದುವರಿಸಬೇಕೇ, ಬಿಡಬೇಕೇ ಎಂಬುದನ್ನು ಇವತ್ತೇ ಫೋನ್ ಮಾಡಿ ಕೇಳು. ಅದರಲ್ಲೂ ಬುಡೆಸೊನೈಡೇ ಇತ್ತು. ಚೀಟಿಯಲ್ಲಿ ಬರೆಯದ ಕಾರಣಕ್ಕೆ ಎರಡನ್ನೂ ತೆಗೆದುಕೊಳ್ಳುತ್ತಿರುವವರನ್ನು ನಾನು ನೋಡಿದ್ದೇನೆ, ಎರಡನ್ನೂ ಬಿಟ್ಟವರನ್ನೂ ನೋಡಿದ್ದೇನೆ. ಉಬ್ಬಸ ಕೆರಳಿದಾಗ ಡಾಕ್ಟರು ಐದು ದಿನಕ್ಕೆಂದು ಪ್ರೆಡ್ನಿಸೊಲೋನ್ ಮಾತ್ರೆ ಕೊಟ್ಟರೆ ಐದೂ ದಿನ ನುಂಗು, ಉಸಿರು ಸರಿಯಾಯಿತೆಂದು ಮೂರಕ್ಕೇ ಬಿಡಬೇಡ.

ಈಗ ಪಂಪು ಎಳೆಯುವ ಕ್ರಮಕ್ಕೆ ಬರುತ್ತೇನೆ. ಔಷಧ ಎಷ್ಟೇ ಒಳ್ಳೆಯದಿರಲಿ, ಶ್ವಾಸಕೋಶಕ್ಕೆ ಇಳಿಯದಿದ್ದರೆ ಅದು ಗಂಟಲಿಗೆ ಬಳಿದ ಬಣ್ಣವಷ್ಟೆ. ಬುಡೆಸೊನೈಡ್ ಎಳೆಯಲು ನೀನು ಇಷ್ಟು ದಿನ ಬಳಸಿದ್ದು ಕ್ಯಾಪ್ಸೂಲ್ ಹಾಕಿ ತಿರುಗಿಸುವ ರೋಟಾಹೇಲರ್. ಅದರ ಪುಡಿಯನ್ನು ಒಳಗೆ ಕೊಂಡೊಯ್ಯುವುದು ನಿನ್ನದೇ ಉಸಿರಿನ ಬಲ, ಆದ್ದರಿಂದ ಜೋರಾಗಿ ದೀರ್ಘವಾಗಿ ಎಳೆಯಬೇಕಿತ್ತು. ಹೊಸದು ಒತ್ತಿದರೆ ಚಿಮ್ಮುವ ಗ್ಯಾಸಿನ ಪಂಪು. ಇಲ್ಲಿ ಜೋರಾಗಿ ಎಳೆದರೆ ಔಷಧ ನೇರ ಗಂಟಲಿನ ಹಿಂಗೋಡೆಗೆ ಬಡಿದು ಅಲ್ಲೇ ಉಳಿಯುತ್ತದೆ. ನಿಧಾನಕ್ಕೆ ಎಳೆಯಬೇಕು, ಹೂವಿನ ವಾಸನೆ ತೆಗೆದುಕೊಳ್ಳುವಷ್ಟು ನಿಧಾನ. ವರ್ಷಗಟ್ಟಲೆ ಜೋರಾಗಿ ಎಳೆದು ಅಭ್ಯಾಸವಾದ ಎದೆ ಮೊದಲ ಕೆಲವು ದಿನ ಹಳೆಯ ಹಾಗೇ ಎಳೆಯಲು ನೋಡುತ್ತದೆ. ವಾರ ಕಳೆದರೂ ನಿನಗೆ ಗುಣ ಕಾಣದಿರಲು ಇದೂ ಒಂದು ಕಾರಣವಿರಬಹುದೆಂದು ನನ್ನ ಅನುಮಾನ.

ಆದ್ದರಿಂದ ಸ್ಪೇಸರ್ ತರಿಸಿಕೋ, ಪಂಪಿಗೂ ಬಾಯಿಗೂ ನಡುವೆ ಹಿಡಿಯುವ ಆ ಪ್ಲಾಸ್ಟಿಕ್ ಕೊಳವೆ. ಅದು ಚಿಕ್ಕ ಮಕ್ಕಳದ್ದು ಎಂದು ಯಾರಾದರೂ ಹೇಳಿದರೆ ಕೇಳಬೇಡ. ಅದಿದ್ದರೆ ಔಷಧ ಹೆಚ್ಚು ಒಳಗಿಳಿಯುತ್ತದೆ, ಗಂಟಲಿಗೆ ಕಡಿಮೆ ಅಂಟುತ್ತದೆ. ನೆಟ್ಟಗೆ ಕೂತುಕೋ, ಇಲ್ಲವೇ ನಿಂತುಕೋ. ಪಂಪಿನ ಮುಚ್ಚಳ ತೆಗೆದು ಚೆನ್ನಾಗಿ ಅಲುಗಾಡಿಸು. ಸ್ಪೇಸರಿಗೆ ಸಿಕ್ಕಿಸಿ, ಉಸಿರನ್ನು ಪೂರ್ತಿ ಹೊರಗೆ ಬಿಡು. ಸ್ಪೇಸರಿನ ಬಾಯನ್ನು ಹಲ್ಲುಗಳ ನಡುವೆ ಹಿಡಿದು ತುಟಿ ಸಂದಿಲ್ಲದಂತೆ ಮುಚ್ಚು. ಒಂದೇ ಸಲ ಒತ್ತಿ ನಿಧಾನವಾಗಿ, ಆಳವಾಗಿ ಎಳೆದುಕೋ. ಆಮೇಲೆ ಉಸಿರು ಹಿಡಿದು ಮನಸ್ಸಿನಲ್ಲೇ ಹತ್ತರವರೆಗೆ ಎಣಿಸು. ಅಷ್ಟು ಹೊತ್ತು ಹಿಡಿಯಲಾಗದ ದಿನ ಸ್ಪೇಸರಿನಿಂದಲೇ ಐದಾರು ಸಲ ಸಹಜವಾಗಿ ಉಸಿರಾಡಿದರೂ ಸಾಕು. ಎರಡನೇ ಪಫ್ ಇದ್ದರೆ ಅರ್ಧ ನಿಮಿಷವಾದರೂ ಬಿಟ್ಟು, ಪಂಪನ್ನು ಮತ್ತೆ ಅಲುಗಾಡಿಸಿ ತೆಗೆದುಕೋ. ಎರಡನ್ನೂ ಒಟ್ಟಿಗೆ ಒತ್ತಿಬಿಡಬೇಡ, ಕಣಗಳು ಸ್ಪೇಸರಿನ ಗೋಡೆಗೆ ಅಂಟಿ ನಿನಗೆ ಸಿಗುವ ಔಷಧ ಕಡಿಮೆಯಾಗುತ್ತದೆ. ಹೊಸ ಡಬ್ಬಿಯನ್ನು ಮೊದಲ ಸಲ ಬಳಸುವಾಗ, ಅಥವಾ ಬಹಳ ದಿನ ಬಿಟ್ಟು ತೆಗೆದಾಗ, ಕೆಲವು ಸಲ ಗಾಳಿಗೆ ಒತ್ತಿ ಬಿಡಬೇಕು. ಎಷ್ಟು ಸಲ ಎಂಬುದು ಪೆಟ್ಟಿಗೆಯೊಳಗಿನ ಕಾಗದದಲ್ಲಿರುತ್ತದೆ.

ಸ್ಪೇಸರನ್ನು ಆಗಾಗ ಪಾತ್ರೆ ತೊಳೆಯುವ ಸೋಪಿನ ನೀರಲ್ಲಿ ಅದ್ದಿ ತೆಗೆದು, ನೆರಳಲ್ಲಿ ತಾನಾಗಿ ಆರಲು ಬಿಡು. ಬಟ್ಟೆಯಿಂದ ಉಜ್ಜಿದರೆ ಪ್ಲಾಸ್ಟಿಕ್ಕಿನಲ್ಲಿ ಸ್ಥಿರವಿದ್ಯುತ್ ಹುಟ್ಟಿ ಔಷಧವನ್ನು ಗೋಡೆಗೆ ಎಳೆದುಕೊಳ್ಳುತ್ತದೆ. ಇದನ್ನು ಎಷ್ಟೋ ಔಷಧದಂಗಡಿಯವರು ಹೇಳುವುದೇ ಇಲ್ಲ.

ಪಂಪನ್ನು ಹಲ್ಲುಜ್ಜುವ ಬ್ರಷ್ಷಿನ ಪಕ್ಕ ಇಡು. ಮೊದಲು ಪಂಪು, ಆಮೇಲೆ ಹಲ್ಲುಜ್ಜಿ, ಗಂಟಲವರೆಗೆ ನೀರು ಹಾಕಿ ಮುಕ್ಕಳಿಸಿ ಉಗಿದುಬಿಡು, ನುಂಗಬೇಡ. ಬಾಯಲ್ಲಿ ಬಿಳಿ ಅಗ್ರು ಬರುವುದು, ದನಿ ಒಡೆಯುವುದು ಈ ಔಷಧದ ಸಾಮಾನ್ಯ ಉಪದ್ರವ. ಮುಕ್ಕಳಿಸಿದರೆ, ಸ್ಪೇಸರ್ ಬಳಸಿದರೆ ಅದು ಬಹಳ ಮಟ್ಟಿಗೆ ತಪ್ಪುತ್ತದೆ. ನೀನು ದಿನವಿಡೀ ಮೀಟಿಂಗಿನಲ್ಲಿ ಮಾತಾಡುವವಳು, ದನಿಯ ಬಗ್ಗೆ ಎಚ್ಚರ ಬೇಕು. ಬೆಳಿಗ್ಗೆ ರಾತ್ರಿ ಎರಡು ಹೊತ್ತೂ ಬ್ರಷ್ಷಿಗೆ ಕೈ ಹೋಗುವುದರಿಂದ ಪಂಪು ಮರೆಯುವ ಪ್ರಶ್ನೆಯೂ ಇರುವುದಿಲ್ಲ.

ಬುಡೆಸೊನೈಡ್ ಒಂದು ಸ್ಟಿರಾಯ್ಡ್ ಎಂದು ನಿನ್ನತ್ತೆ ಗಾಬರಿಯಾಗಿದ್ದಾರಂತೆ. ಅವರ ಮೇಲೆ ಸಿಟ್ಟಾಗಬೇಡ. ಅವರ ತಲೆಮಾರಿನವರು ವರ್ಷಗಟ್ಟಲೆ ಸ್ಟಿರಾಯ್ಡ್ ಮಾತ್ರೆ ನುಂಗಿ ಮುಖ ಊದಿಕೊಂಡವರನ್ನು, ಸಕ್ಕರೆ ಕಾಯಿಲೆ ಬಂದವರನ್ನು ಕಣ್ಣಾರೆ ಕಂಡಿದ್ದಾರೆ. ಅವರ ಎದುರಿಗೇ ಲೆಕ್ಕ ಹಾಕಿ ತೋರಿಸು. ನಿನ್ನ ಪಂಪಿನ ಒಂದು ಪಫ್ಫಿನಲ್ಲಿ 200 ಮೈಕ್ರೋಗ್ರಾಂ ಬುಡೆಸೊನೈಡ್. ಬೆಳಿಗ್ಗೆ ಎರಡು ರಾತ್ರಿ ಎರಡು ಎಂದರೆ 800 ಮೈಕ್ರೋಗ್ರಾಂ, ಅಂದರೆ ಒಂದು ಮಿಲಿಗ್ರಾಂ ಕೂಡ ತುಂಬುವುದಿಲ್ಲ. ಉಬ್ಬಸ ಕೆರಳಿದಾಗ ಐದು ದಿನ ನುಂಗುವ ಪ್ರೆಡ್ನಿಸೊಲೋನ್ ದಿನಕ್ಕೆ 40 ಮಿಲಿಗ್ರಾಂ. ಎರಡೂ ಬೇರೆ ಔಷಧ, ತೂಕವೊಂದನ್ನೇ ಹೋಲಿಸಿದರೆ ಸಾಲದು ನಿಜ. ಆದರೆ ಪಂಪಿನ ಔಷಧ ಹೋಗುವುದು ರೋಗವಿರುವ ಜಾಗಕ್ಕೇ, ಗಂಟಲಿಂದ ಹೊಟ್ಟೆಗೆ ಇಳಿದದ್ದರಲ್ಲಿ ಬಹುಪಾಲನ್ನು ಯಕೃತ್ತು ಒಡೆದುಹಾಕುತ್ತದೆ. ತೀರಾ ಹೆಚ್ಚಿನ ಡೋಸಿನಲ್ಲಿ ಅನೇಕ ವರ್ಷ ತೆಗೆದುಕೊಂಡರೆ ಮೂಳೆಗೆ, ಕಣ್ಣಿಗೆ ತೊಂದರೆಯಾಗಬಹುದು, ಅದನ್ನು ಮುಚ್ಚಿಡುವುದಿಲ್ಲ. ಆ ಕಾರಣಕ್ಕೇ ಉಬ್ಬಸ ಹತೋಟಿಗೆ ಬಂದು ಮೂರು ತಿಂಗಳು ನಿಂತರೆ ಡಾಕ್ಟರು ಡೋಸು ಇಳಿಸುವುದು. ಈ ಪಂಪು ಬೇಡವೆಂದು ಬಿಟ್ಟವರಲ್ಲಿ ಎಷ್ಟೋ ಜನ ಮತ್ತೆ ಮತ್ತೆ ಕೆರಳಿಸಿಕೊಂಡು ಅದೇ ಮಾತ್ರೆಗೆ ಬರುತ್ತಾರೆ. ನಿನ್ನತ್ತೆ ಹೆದರುವ ಸ್ಟಿರಾಯ್ಡ್ ಆಗ ನಿಜವಾಗಿ ಹೊಟ್ಟೆಗೆ ಬೀಳುತ್ತದೆ.

ಪಂಪು ಹಿಡಿದರೆ ಬಿಡಲಾಗುವುದಿಲ್ಲ ಎಂಬುದು ಇನ್ನೊಂದು ಮಾತು. ಚಟ ಹಿಡಿಸುವ ಗುಣ ಈ ಔಷಧಕ್ಕಿಲ್ಲ. ಬಿಟ್ಟಾಗ ಮರಳಿ ಬರುವುದು ರೋಗ. ರಕ್ತದೊತ್ತಡಕ್ಕೆ ದಿನವೂ ಮಾತ್ರೆ ನುಂಗುವ ನಿನ್ನ ಮಾವನವರನ್ನು ಯಾರೂ ಚಟದವರೆಂದು ಕರೆಯುವುದಿಲ್ಲ.

ನನ್ನಪ್ಪನಿಗೂ, ಅಂದರೆ ನಿನ್ನ ಅಜ್ಜನಿಗೂ, ಗೂರಲಿತ್ತು. ಮಾಗಿಯ ರಾತ್ರಿಗಳಲ್ಲಿ ದಿಂಬು ಪೇರಿಸಿಕೊಂಡು ಅದರ ಮೇಲೆ ಮುಂದಕ್ಕೆ ಬಾಗಿ ಬೆಳಗಿನವರೆಗೆ ಕೂತಿರುತ್ತಿದ್ದರು. ದತ್ತೂರಿ ಎಲೆಯ ಹೊಗೆ, ಕಷಾಯ, ತೀರ ಹೆಚ್ಚಾದರೆ ಡೆರಿಫಿಲಿನ್ ಇಂಜೆಕ್ಷನ್, ಅವರಿಗೆ ಸಿಕ್ಕಿದ್ದು ಇಷ್ಟೇ. ಒತ್ತಿದರೆ ಅಳತೆಯಷ್ಟೇ ಔಷಧ ಚಿಮ್ಮುವ ಪಂಪು ಅಮೆರಿಕದಲ್ಲಿ 1956ರಲ್ಲೇ ಬಂದಿತ್ತು. ಊತ ಇಳಿಸುವ ಬೆಕ್ಲೊಮೆಥಾಸೋನ್ ಪಂಪು ಬ್ರಿಟನ್ನಿನಲ್ಲಿ 1972ಕ್ಕೆ ಬಂತು. ನಮ್ಮೂರಿನ ಅಂಗಡಿಗೆ ಅದು ತಲುಪುವ ಹೊತ್ತಿಗೆ ಅಪ್ಪ ಇರಲಿಲ್ಲ. ನಿನ್ನ ಕೈಯಲ್ಲಿರುವ ಡಬ್ಬಿಯನ್ನು ನೀನು ಅತ್ತೆಯ ಗಾಬರಿಗೆ ಅಂಜಿ ಮನೆಯಲ್ಲಿ ಬಚ್ಚಿಟ್ಟು, ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಗಡಿಬಿಡಿಯಲ್ಲಿ ಎಳೆಯುತ್ತೀಯೆಂದು ಕೇಳಿದಾಗ ನನಗೆ ಸಂಕಟವಾದದ್ದು ಇದಕ್ಕೇ. ಗಡಿಬಿಡಿಯಲ್ಲಿ ಹತ್ತು ಎಣಿಸಲಾಗುವುದಿಲ್ಲ, ಮುಕ್ಕಳಿಸಲಾಗುವುದಿಲ್ಲ, ಯಾರಾದರೂ ಬಾಗಿಲು ತಟ್ಟಿದ ದಿನ ಡೋಸೇ ತಪ್ಪಿಹೋಗುತ್ತದೆ. ನೀನು ಪಂಪು ಮುಂದುವರಿಸಿರುವುದು ಅಳಿಯಂದಿರಿಗೆ ಗೊತ್ತಿದೆಯಲ್ಲ, ಅವರೇ ಅತ್ತೆಮಾವನ ಮುಂದೆ ಮಾತು ತೆಗೆಯಲಿ. ಮನೆಯವರಿಗೆ ಗೊತ್ತಿರಬೇಕು ಎನ್ನುವುದು ಮರ್ಯಾದೆಯ ಮಾತಷ್ಟೇ ಅಲ್ಲ. ರಾತ್ರಿ ಎರಡು ಗಂಟೆಗೆ ನಿನಗೆ ಮಾತು ಹೊರಡದಿದ್ದರೆ ನೀಲಿ ಪಂಪು ಎಲ್ಲಿದೆಯೆಂದು ಅವರಿಗೆ ತಿಳಿದಿರಬೇಕು.

ಮೊದಲ ದಿನಗಳಲ್ಲಿ ಕೈ ನಡುಗುವುದು, ಎದೆ ಡವಡವ ಎನ್ನುವುದು ಫಾರ್ಮೊಟೆರಾಲಿನಿಂದ. ಬಹಳ ಜನಕ್ಕೆ ಬರಬರುತ್ತ ಕಡಿಮೆಯಾಗುತ್ತದೆ. ಕಡಿಮೆಯಾಗದಿದ್ದರೆ ಹೇಳು, ಸಹಿಸಿಕೊಂಡು ಕೂರಬೇಡ. ಪಂಪು ಎಳೆದ ಕೂಡಲೇ ಎದೆ ಇನ್ನಷ್ಟು ಬಿಗಿದರೆ ಅದು ಬೇರೆ ಮಾತು, ಆ ಪಂಪನ್ನು ಅಲ್ಲಿಗೇ ನಿಲ್ಲಿಸಿ, ನೀಲಿಯದನ್ನು ತೆಗೆದುಕೊಂಡು, ತಕ್ಷಣ ಡಾಕ್ಟರನ್ನು ಕಾಣು. ನಿಲ್ಲಿಸಬೇಡ ಎಂದ ನನ್ನ ಮಾತಿಗೆ ಇದೊಂದೇ ಹೊರತು. ಮೈಕೈ ನೋವಿಗೆಂದು ಆಸ್ಪಿರಿನ್, ಐಬುಪ್ರೊಫೆನ್ ನುಂಗುವ ಮುಂಚೆ ಕೇಳು, ಉಬ್ಬಸವಿರುವ ಕೆಲವರಿಗೆ ಅವು ಆಗಿಬರುವುದಿಲ್ಲ. ಮೈಗ್ರೇನಿಗೆ ಕೊಡುವ ಪ್ರೊಪ್ರನೊಲಾಲ್ ಬಗ್ಗೆಯೂ ಹೀಗೇ ಎಚ್ಚರ. ಯಾವ ಡಾಕ್ಟರ ಬಳಿ ಹೋದರೂ ನನಗೆ ಅಸ್ತಮಾ ಇದೆ ಎಂದು ಮೊದಲ ವಾಕ್ಯದಲ್ಲೇ ಹೇಳಿಬಿಡು.

ಯಾಕೆ ಇಷ್ಟು ಕೆರಳಿತು ಎಂದು ನಿನ್ನನ್ನು ನೀನೇ ದೂರಿಕೊಳ್ಳಬೇಡ. ಬೆಂಗಳೂರಿನ ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ತಮ್ಮ ಆಸ್ಪತ್ರೆಗೆ ಬಂದ ಮಕ್ಕಳಲ್ಲಿ ಅಸ್ತಮಾ 1979ರಲ್ಲಿ ಶೇ. 9ರಷ್ಟಿದ್ದದ್ದು 1999ಕ್ಕೆ ಶೇ. 29.5ಕ್ಕೆ ಏರಿದ್ದನ್ನು ದಾಖಲಿಸಿದ್ದರು. ನೀನಿರುವ ಆ ಊರಿನ ಗಾಳಿಯ ಪಾಲು ಇದರಲ್ಲಿ ದೊಡ್ಡದು. ಪಟಾಕಿ ಹೊಗೆ, ಮೆಟ್ರೋ ಕಾಮಗಾರಿಯ ಧೂಳು, ಕಾಂಗ್ರೆಸ್ ಗಿಡದ ಪರಾಗ, ಚಳಿಗಾಲದ ಮುಂಜಾವಿನ ತಣ್ಣನೆ ಗಾಳಿ, ಎಲ್ಲಕ್ಕಿಂತ ಮಿಗಿಲಾಗಿ ನೆಗಡಿ, ಉಬ್ಬಸ ಕೆರಳಿಸುವುದು ಇವೇ. ಊರಿನ ಗಾಳಿಯನ್ನು ಬದಲಿಸಲು ನಿನ್ನಿಂದಾಗದು, ಮನೆಯೊಳಗಿನದು ಕೈಯಲ್ಲಿದೆ. ಸೊಳ್ಳೆಬತ್ತಿ ಮತ್ತು ಸಾಂಬ್ರಾಣಿ ಹೊಗೆ ಬೇಡ. ದೇವರ ಮುಂದೆ ಊದುಬತ್ತಿಯ ಬದಲು ಒಂದು ತುಪ್ಪದ ದೀಪ ಸಾಕು. ಬ್ಯಾಡಗಿ ಮೆಣಸಿನಕಾಯಿ ಹುರಿಯುವ ದಿನ ಅಡುಗೆಮನೆಯಿಂದ ದೂರವಿರು, ಅಳಿಯಂದಿರು ಹುರಿಯಲಿ. ದಿಂಬಿನ ಕವರು, ಹೊದಿಕೆಗಳನ್ನು ವಾರಕ್ಕೊಮ್ಮೆ ಬಿಸಿನೀರಲ್ಲಿ ಒಗೆಸು. ಮೂಗು ಸದಾ ಕಟ್ಟಿಕೊಂಡು ಸೀನು ಬರುತ್ತಿದ್ದರೆ ಅದಕ್ಕೂ ಔಷಧ ಕೇಳು, ಮೂಗು ಹದಕ್ಕೆ ಬಂದರೆ ಎದೆಗೂ ಅರ್ಧ ಆರಾಮ.

ಕಲಬುರಗಿಯ ನಿನ್ನ ನಾದಿನಿ ಹೈದರಾಬಾದಿನ ಮೀನಿನ ಔಷಧದ ಮಾತು ತೆಗೆದಳಂತೆ. ಮೃಗಶಿರ ಮಳೆ ಹುಟ್ಟುವ ಹೊತ್ತಿಗೆ, ಜೂನ್ ಮೊದಲ ಭಾಗದಲ್ಲಿ, ನಾಂಪಲ್ಲಿ ಮೈದಾನದಲ್ಲಿ ಬತ್ತಿನಿ ಮನೆತನದವರು ಜೀವಂತ ಮೀನಿನ ಬಾಯಿಗೆ ಔಷಧದ ಉಂಡೆ ಇಟ್ಟು ನುಂಗಿಸುತ್ತಾರೆ. ನಮ್ಮ ಬೀದರ್, ರಾಯಚೂರಿನ ಕಡೆಯಿಂದ ಬಹಳ ಜನ ಹೋಗುತ್ತಾರೆ. ಅವರ ನಂಬಿಕೆಯನ್ನು ಹಳಿಯುವುದಿಲ್ಲ. ಆದರೆ ಅದರಿಂದ ಅಸ್ತಮಾ ವಾಸಿಯಾಗುತ್ತದೆಂಬುದಕ್ಕೆ ವೈದ್ಯಕೀಯ ಪುರಾವೆ ಇಲ್ಲ. ಉಬ್ಬಸ ಋತುವಿನ ಜೊತೆ ಏರುತ್ತ ಇಳಿಯುತ್ತ ಇರುವ ರೋಗ. ಇಳಿದ ಕಾಲದಲ್ಲಿ ಏನು ಮಾಡಿರುತ್ತೇವೋ ಅದಕ್ಕೇ ಕೀರ್ತಿ ಹೋಗುತ್ತದೆ. ಅದನ್ನು ನೆಚ್ಚಿ ಪಂಪು ನಿಲ್ಲಿಸುವುದು ಮಾತ್ರ ಬೇಡ.

ಒಂದು ಪುಟ್ಟ ಪುಸ್ತಕ ಇಟ್ಟುಕೋ. ಹಗಲಲ್ಲಿ ವಾರಕ್ಕೆ ಎರಡಕ್ಕಿಂತ ಹೆಚ್ಚು ಸಲ ತೊಂದರೆಯಾಯಿತೇ, ರಾತ್ರಿ ಕೆಮ್ಮಿನಿಂದಲೋ ಉಬ್ಬಸದಿಂದಲೋ ಎಚ್ಚರವಾಯಿತೇ, ನೀಲಿ ಪಂಪು ವಾರಕ್ಕೆ ಎರಡಕ್ಕಿಂತ ಹೆಚ್ಚು ಸಲ ಬೇಕಾಯಿತೇ, ಮೆಟ್ಟಿಲು ಹತ್ತುವುದನ್ನೋ ನಡೆಯುವುದನ್ನೋ ಬಿಡಬೇಕಾಯಿತೇ, ಈ ನಾಲ್ಕನ್ನು ಬರೆದಿಡು. ಡಾಕ್ಟರು ನಾಲ್ಕು ವಾರದ ಹತೋಟಿಯನ್ನು ಅಳೆಯುವುದು ಇವುಗಳಿಂದಲೇ. ವಾರವಾದರೂ ಗುಣ ಕಾಣುತ್ತಿಲ್ಲ ಎಂದು ನೀನು ಹೇಳಿದೆ. ಆ ವಾರದಲ್ಲಿ ಎಷ್ಟು ರಾತ್ರಿ ಎದ್ದು ಕೂತೆ, ಹಿಂದಿನ ವಾರ ಎಷ್ಟು ಎಂದು ನಾನು ಕೇಳಿದಾಗ ನಿನಗೆ ಹೇಳಲಾಗಲಿಲ್ಲ. ಐದು ರಾತ್ರಿಯಿಂದ ಮೂರಕ್ಕೆ ಇಳಿದಿದ್ದರೆ ಔಷಧ ಕೆಲಸ ಮಾಡುತ್ತಿದೆ ಎಂದೇ ಅರ್ಥ. ಕಷ್ಟಪಡುತ್ತಿರುವಾಗ ಆ ಇಳಿಕೆ ನಮ್ಮ ಅರಿವಿಗೆ ಬರುವುದಿಲ್ಲ, ಬರೆದಿಟ್ಟರೆ ಕಾಣುತ್ತದೆ. ಪೀಕ್ ಫ್ಲೋ ಮೀಟರ್ ಸಿಕ್ಕರೆ ಇನ್ನೂ ಒಳ್ಳೆಯದು. ಮೂರು ಸಲ ಊದಿ ಹೆಚ್ಚು ಬಂದದ್ದನ್ನು ಬರೆದುಕೋ.

ಪಂಪಿನ ಮೇಲೆ ಶುರುಮಾಡಿದ ತಾರೀಖು ಬರೆ. 120 ಡೋಸಿನದಾದರೆ ದಿನಕ್ಕೆ ನಾಲ್ಕರಂತೆ 30 ದಿನಕ್ಕೆ ಮುಗಿಯುತ್ತದೆ. ಔಷಧ ತೀರಿದ ಮೇಲೂ ಗ್ಯಾಸು ಚಿಮ್ಮುತ್ತಿರುತ್ತದೆ, ಸದ್ದನ್ನು ನಂಬಬೇಡ. ನೀರಿನಲ್ಲಿ ತೇಲಿಸಿ ನೋಡುವ ಹಳೆಯ ಪರೀಕ್ಷೆಯೂ ಸರಿಯಲ್ಲ. ಸ್ಕೂಟರಿನ ಡಿಕ್ಕಿಯಲ್ಲಿ, ಬಿಸಿಲಲ್ಲಿ ನಿಂತ ಕಾರಿನಲ್ಲಿ ಡಬ್ಬಿ ಬಿಟ್ಟುಹೋಗಬೇಡ.

ಇನ್ನು ಎಷ್ಟು ಹೇಳಿದರೂ ಕಡಿಮೆಯೆನಿಸುವ ಮಾತು. ಒಂದು ವಾಕ್ಯವನ್ನು ಒಂದೇ ಉಸಿರಿನಲ್ಲಿ ಮುಗಿಸಲಾಗದಿದ್ದರೆ, ನೀಲಿ ಪಂಪಿನ ಪ್ರಭಾವ ಮೂರು ನಾಲ್ಕು ಗಂಟೆಯೂ ನಿಲ್ಲದಿದ್ದರೆ, ತುಟಿ ಅಥವಾ ಉಗುರು ನೀಲಿಯಾದರೆ, ಕತ್ತಿನ ಗುಂಡಿ ಒಳಕ್ಕೆ ಎಳೆದುಕೊಳ್ಳುತ್ತಿದ್ದರೆ 108ಕ್ಕೆ ಕರೆ ಮಾಡಬೇಕು. ಆಂಬುಲೆನ್ಸ್ ಬರುವವರೆಗೆ ನೆಟ್ಟಗೆ ಕೂತು, ಸ್ಪೇಸರಿನಲ್ಲಿ ನೀಲಿ ಪಂಪನ್ನು ಡಾಕ್ಟರು ಬರೆದುಕೊಟ್ಟ ಕ್ರಮದಲ್ಲಿ ತೆಗೆದುಕೊಳ್ಳುತ್ತಿರಬೇಕು. ಸುಂಯ್ ಸುಂಯ್ ಸದ್ದು ನಿಂತಿತೆಂದು ಸಮಾಧಾನ ಬೇಡ. ಉಸಿರಿಗೆ ಕಷ್ಟಪಡುತ್ತಿರುವಾಗಲೇ ಸದ್ದು ಅಡಗಿದರೆ ಗಾಳಿ ಒಳಗೆ ಹೋಗುವುದೇ ನಿಂತಿದೆ ಎಂದು ಅರ್ಥ, ಅದು ಎಲ್ಲಕ್ಕಿಂತ ಕೆಟ್ಟ ಲಕ್ಷಣ. ಇದನ್ನು ಅಳಿಯಂದಿರಿಗೆ ಓದಿ ಹೇಳು.

ಮುಂದಿನ ಸಲ ಡಾಕ್ಟರ ಬಳಿ ಹೋಗುವಾಗ ಚೀಟಿಯ ಜೊತೆ ಪಂಪುಗಳನ್ನೂ ಸ್ಪೇಸರನ್ನೂ ತೆಗೆದುಕೊಂಡು ಹೋಗು. ಅವರೆದುರಿಗೇ ಒಮ್ಮೆ ಎಳೆದು ತೋರಿಸಿ, ಸರಿಯಿದೆಯೇ ಎಂದು ಕೇಳು. ಬುಡೆಸೊನೈಡ್-ಫಾರ್ಮೊಟೆರಾಲ್ ಪಂಪನ್ನೇ ಉಬ್ಬಸ ಬಂದ ಕ್ಷಣಕ್ಕೂ ಬಳಸಲು ಕೆಲವರಿಗೆ ಹೇಳುತ್ತಾರೆ, ನೀನೂ ಹಾಗೆ ಬಳಸಬಹುದೇ, ಬಳಸಿದರೆ ದಿನಕ್ಕೆ ಒಟ್ಟು ಎಷ್ಟರವರೆಗೆ ಎಂಬುದನ್ನು ಬರೆಸಿಕೋ. ಮಗುವಿನ ಯೋಚನೆ ಇದೆಯೆಂದು ನಿನ್ನಮ್ಮ ಹೇಳಿದಳು, ಅದನ್ನೂ ಅವರಿಗೆ ತಿಳಿಸು. ಬಸಿರಾದ ಕೂಡಲೇ ಪಂಪು ಬಿಡಬೇಕೆಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ತಾಯಿಯ ಉಸಿರು ಕಟ್ಟಿದರೆ ಮಗುವಿಗೂ ಆಮ್ಲಜನಕ ಕಡಿಮೆ, ಆ ಅಪಾಯ ಪಂಪಿನ ಅಪಾಯಕ್ಕಿಂತ ಎಷ್ಟೋ ದೊಡ್ಡದು. ಬುಡೆಸೊನೈಡನ್ನು ಬಸುರಿಯರು ಬಹಳ ವರ್ಷಗಳಿಂದ ಬಳಸುತ್ತಿದ್ದಾರೆ. ಸಂಕ್ರಾಂತಿಗೆ ನೀನು ಬರುವಾಗ ಆ ಪುಸ್ತಕ ಚೀಲದಲ್ಲಿರಲಿ, ಇಬ್ಬರೂ ಕೂತು ರಾತ್ರಿಗಳ ಲೆಕ್ಕ ನೋಡೋಣ.